ಮರ ಉಳಿಸಿಕೊಂಡೇ ಹಿತ್ತಲಿಗೆ ಬೇಲಿ

ಹಿತ್ತಲಿಗೆ ಬೇಲಿ ಹಾಕಿಸಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆ, ‘ಅಡ್ಡ ಬರೋ ಮರ ತೆಗೆಸಿಬಿಡಿ ಅಣ್ಣ, ಜೆಸಿಬಿ ಬಂದರೆ ಒಂದು ಗಂಟೆ ಕೆಲಸ’ ಎನ್ನುವುದು. ಶ್ರೀನಿವಾಸಪುರ ತಾಲ್ಲೂಕು ಮಾವಿನ ಸೀಮೆ. ಯಲ್ದೂರಿನಂಥ ಊರಲ್ಲಿ ಅಡ್ಡ ಬರುವುದು ಹೆಚ್ಚಾಗಿ ಫಸಲು ಕೊಡುತ್ತಿರುವ ಬೇನಿಷಾ ಅಥವಾ ತೋತಾಪುರಿ, ಇಲ್ಲವೇ ಅಜ್ಜನ ಕಾಲದ ಹುಣಸೆ, ಹೊಂಗೆ. ಅವನ್ನು ಕಡಿಯುವ ಅಗತ್ಯವೇ ಇಲ್ಲ. ಬಾಗಬೇಕಾದದ್ದು ಬೇಲಿ.

ಮೊದಲು ಗಡಿ ಖಚಿತಪಡಿಸಿಕೊಳ್ಳಿ. ಊರೊಳಗಿನ ಹಿತ್ತಲಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9ರಲ್ಲಿರುವ ಅಳತೆ, ಚೆಕ್ಕುಬಂದಿ ನೋಡಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಮರ ಗಡಿಯ ಮೇಲೇ ಇದ್ದರೆ ಪಕ್ಕದವರೊಂದಿಗೆ ಕೂತು ಮಾತಾಡದೆ ಕೊಂಬೆಯನ್ನೂ ಮುಟ್ಟಬೇಡಿ. ಕಡಿಯಲೇಬೇಕಾದ ಮರವೇನಾದರೂ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ವಿನಾಯಿತಿ ಇಲ್ಲದ ಮರವನ್ನು ಸ್ವಂತ ಜಾಗದಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಇನ್ನು ಬೇರಿನ ಲೆಕ್ಕ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ ಮತ್ತು ಕೊಂಬೆಯ ನೆರಳನ್ನೂ ದಾಟಿ ಹರಡಿರುತ್ತವೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ಹಿಡಿದು ಮೂರರಿಂದ ಭಾಗಿಸಿ. ಎಷ್ಟು ಅಂಗುಲ ಬರುತ್ತದೋ ಸುಮಾರು ಅಷ್ಟು ಅಡಿ ಸುತ್ತಲಿನ ನೆಲ ಆ ಮರಕ್ಕೆ ಬೇಕು. ಐದು ಅಡಿ, ಅಂದರೆ 60 ಅಂಗುಲ ಸುತ್ತಳತೆಯ ಮಾವಿಗೆ ಇದು 20 ಅಡಿ. ಸಣ್ಣ ಹಿತ್ತಲಲ್ಲಿ ಅಷ್ಟು ದೂರ ಬಿಡಲಾಗದು. ಆದ್ದರಿಂದ ಆ ವಲಯದೊಳಗೆ ಕಾಲುವೆ ತೋಡುವುದು ಬೇಡ, ಬಿಡಿ ಬಿಡಿ ಗುಂಡಿ ಮಾತ್ರ ಸಾಕು. ಕಾಂಡದಿಂದ ಐದಾರು ಅಡಿಯೊಳಗೆ ಗುಂಡಿಯೂ ಬೇಡ. ಮರವನ್ನು ಹಿಡಿದು ನಿಲ್ಲಿಸಿರುವ ದಪ್ಪ ಬೇರುಗಳು ಅಲ್ಲಿರುತ್ತವೆ.

ಇದೇ ಕಾರಣಕ್ಕೆ ನಮ್ಮ ಕಡೆಯ ಚಪ್ಪಡಿ ಕಲ್ಲಿನ ಬೇಲಿ ಮರದ ಹತ್ತಿರ ಸಲ್ಲದು. ಚಪ್ಪಡಿಗಳನ್ನು ಸಾಲಾಗಿ ಹೂಳಲು ಉದ್ದಕ್ಕೂ ಕಾಲುವೆ ಬೇಕು, ಅದು ಒಂದು ಬದಿಯ ಬೇರನ್ನೆಲ್ಲ ಕತ್ತರಿಸಿಹಾಕುತ್ತದೆ. ಕಾಂಪೌಂಡ್ ಗೋಡೆಯ ಪಾಯವೂ ಅಷ್ಟೇ. ಕೋಲಾರ ಜಿಲ್ಲೆಯಲ್ಲಿ ಸುಲಭವಾಗಿ ಸಿಗುವ ಕಲ್ಲುಕಂಬ, ಅದಕ್ಕೆ ಚೈನ್‌ಲಿಂಕ್ ಜಾಲರಿ ಅಥವಾ ಮುಳ್ಳುತಂತಿ ಇಲ್ಲಿ ಸರಿಯಾದ ಆಯ್ಕೆ. ಏಳು ಅಡಿ ಕಂಬವನ್ನು ಎರಡು ಅಡಿ ಹೂಳಬೇಕು. ಕಂಬದಿಂದ ಕಂಬಕ್ಕೆ ಎಂಟು ಅಡಿ ಅಂತರ. ಮರದ ಬಳಿ ಹತ್ತು ಹನ್ನೆರಡಕ್ಕೆ ಹಿಗ್ಗಿಸಿ, ಜಾಲರಿ ಜೋಲದಂತೆ ಮೇಲೊಂದು ಕಬ್ಬಿಣದ ಪೈಪ್ ಕಟ್ಟಿ.

ಗುಂಡಿಯನ್ನು ಹಾರೆ, ಗುದ್ದಲಿಯಲ್ಲೇ ತೋಡಿಸಿ. ಜೆಸಿಬಿಯ ಬಕೆಟ್ ಬೇರನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ; ಆ ಸೀಳು ಕಾಂಡದ ಕಡೆಗೂ ಹೋಗಿ ಕೊಳೆಗೆ ದಾರಿಯಾಗುತ್ತದೆ. ಜೆಸಿಬಿ ಓಡಾಡಿದರೆ ಅದರ ಭಾರಕ್ಕೆ ಮಣ್ಣೂ ಗಟ್ಟಿಯಾಗುತ್ತದೆ. ಒಂದು ಅಡಿ ಆಳದವರೆಗೆ ಗುದ್ದಲಿಯನ್ನು ಮೆಲ್ಲಗೆ ಹಾಕಿ, ಮಣ್ಣನ್ನು ಕೈಯಲ್ಲಿ ಬಿಡಿಸಿ ನೋಡಬೇಕು. ಎರಡು ಅಂಗುಲಕ್ಕಿಂತ ದಪ್ಪನೆಯ ಬೇರು ಸಿಕ್ಕಿದರೆ ಆ ಗುಂಡಿ ಮುಚ್ಚಿ, ಅತ್ತಿತ್ತ ಒಂದಡಿ ಸರಿದು ಬೇರೆ ತೋಡಿ. ಸಣ್ಣ ಬೇರಾದರೆ ಹರಿತವಾದ ಗರಗಸದಿಂದ ನೇರವಾಗಿ ಕತ್ತರಿಸಿ, ಬಿಸಿಲಿಗೆ ಒಣಗುವ ಮೊದಲೇ ಮಣ್ಣು ಮುಚ್ಚಿ. ಮರದ ಬಳಿಯ ಕಂಬಕ್ಕೆ ಕಾಂಕ್ರೀಟ್ ಬೇಡ. ಕಲ್ಲುಚೂರು, ಮಣ್ಣು ಪದರ ಪದರವಾಗಿ ಹಾಕಿ ಹಾರೆಯಿಂದ ದಮ್ಮಸ್ಸು ಮಾಡಿ. ಉಳಿದ ಮಣ್ಣನ್ನು ಕಾಂಡದ ಬುಡಕ್ಕೆ ಒಟ್ಟಬಾರದು, ತೊಗಟೆ ಕೊಳೆಯುತ್ತದೆ.

ಮರ ಬೇಲಿಯ ಸಾಲಿನ ಮೇಲೇ ಇದ್ದರೆ ಬೇಲಿಯನ್ನು ಒಂದೆರಡು ಅಡಿ ಒಳಕ್ಕೆ ತಿರುಗಿಸಿ. ಜಾಗ ಹೋಗುತ್ತದೆಂಬ ಭಯ ಸಹಜ. ಗಡಿಕಲ್ಲನ್ನು ಅಲ್ಲೇ ಉಳಿಸಿ, ಬೇಲಿ ಗಡಿಯಲ್ಲವೆಂದು ಪಕ್ಕದವರೊಂದಿಗೆ ಒಂದು ಪತ್ರ ಬರೆದು ಇಬ್ಬರೂ ಸಹಿ ಹಾಕಿ, ಸಾಕ್ಷಿ ಹಾಕಿಸಿ. ಹನ್ನೆರಡು ವರ್ಷದ ಅನುಭವದ ಹಕ್ಕಿನ ತಕರಾರು ಬಂದರೆ ಆ ಪತ್ರ ನಿಮ್ಮ ಕಡೆಗಿನ ಪುರಾವೆ. ತಿರುಗಿಸಲು ಜಾಗವಿಲ್ಲದಿದ್ದರೆ ಕಾಂಡದ ಎರಡೂ ಬದಿಗೆ ಗೇಣಗಲ ಬಿಟ್ಟು ಜಾಲರಿ ನಿಲ್ಲಿಸಿ.

ತಂತಿ ಉಳಿಸಲು ಮರವನ್ನೇ ಕಂಬವಾಗಿಸುವ ರೂಢಿ ಮಾತ್ರ ಕೈಬಿಡಲೇಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಿದ ತಂತಿ ಕಾಂಡ ದಪ್ಪಗಾದಂತೆ ಒಳಗಿಳಿದು ಆ ದಾರಿಯ ಕತ್ತನ್ನೇ ಹಿಸುಕುತ್ತದೆ. ಮೊಳೆಯ ಗಾಯದಿಂದ ರೋಗ ಒಳಹೊಗುತ್ತದೆ.

ಜಾಲರಿಗೆ ತಾಗುವ ಕೊಂಬೆಯನ್ನು ಬುಡದಲ್ಲಿ ಶುಚಿಯಾಗಿ ಕತ್ತರಿಸಿ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ.

ಮಾವಿನ ಬಳಿ ಈ ಕೆಲಸಕ್ಕೆ ಕೊಯ್ಲು ಮುಗಿದ ಜುಲೈ–ಆಗಸ್ಟ್ ಒಳ್ಳೆಯ ಕಾಲ. ಹೂವಿನ ಹೊತ್ತಿನಲ್ಲಿ, ಬಿರುಬೇಸಿಗೆಯಲ್ಲಿ ಬೇರು ಕೆದಕಬೇಡಿ. ಮಳೆ ಬಿದ್ದಾಗಲೇ ಕಂಬಗಳ ನಡುವೆ ಗೊಬ್ಬರದ ಗಿಡದ ಕಡ್ಡಿ ನೆಟ್ಟರೆ ಹಸಿರು ಬೇಲಿಯೂ ಆಗುತ್ತದೆ, ಸೊಪ್ಪೂ ಸಿಗುತ್ತದೆ. ಮೊದಲ ಬೇಸಿಗೆಯಲ್ಲಿ ಬುಡದಿಂದ ದೂರಕ್ಕೆ ತರಗೆಲೆ ಹೊದಿಸಿ ನೀರು ಕೊಡಿ. ಕಾಂಡದಲ್ಲಿ ಅಂಟು ಸೋರಿದರೆ, ಹೊಟ್ಟಿನಂಥ ಪುಡಿ ಉದುರಿದರೆ ತಡಮಾಡದೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.