ಕೂಲೆಂಟ್ ಸೆನ್ಸರ್ ಕೆಟ್ಟಿದೆಯಾ? ಮನೆಯಲ್ಲೇ ಪರೀಕ್ಷಿಸೋಣ

ಜುಲೈ ತಿಂಗಳು. ವಾದಿ ಅದಾಯ್‌ನಲ್ಲಿ ಒಂದೇ ಮನೆಯಲ್ಲಿರುವ ನಾವು ಮೂವರು ಸೇರಿ ಕೊಂಡಿದ್ದ ಹಳೇ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ0118 ಕೋಡ್, ಕೂಲೆಂಟ್ ತಾಪ ಮೈನಸ್ 40 ಡಿಗ್ರಿ! ಹೊರಗೆ ಸುಡುಬಿಸಿಲು, ಕಾರಿನ ಕಂಪ್ಯೂಟರ್‌ಗೆ ಮಾತ್ರ ಹಿಮಾಲಯದ ಚಳಿ. ಚಳಿ ಅಂತ ನಂಬಿ ಅದು ಪೆಟ್ರೋಲ್ ಜಾಸ್ತಿ ಕೊಡುತ್ತೆ. ಎಂಜಿನ್ ನಿಜವಾಗಿ ಕಾದರೂ ಅದಕ್ಕೆ ಗೊತ್ತಾಗಲ್ಲ. ಮೆಕ್ಯಾನಿಕ್ ಒಬ್ಬರು ಸೆನ್ಸರ್ ಬದಲಿಸಿ ಅಂದರು. ತಿಂಗಳ ಕೊನೆ; ಮೊದಲು ನಾವೇ ನೋಡೋಣ ಅಂದ್ಕೊಂಡ್ವಿ.

ತತ್ತ್ವ: ಈ ಸೆನ್ಸರ್ ಒಳಗಿರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಸಾಮಾನ್ಯ ಸೆನ್ಸರ್‌ಗಳಲ್ಲಿ ಅಂದಾಜು ಹೀಗಿರುತ್ತೆ:

0 ಡಿಗ್ರಿ: 5ರಿಂದ 6 ಕಿಲೋ ಓಮ್
20 ಡಿಗ್ರಿ: 2.5 ಕಿಲೋ ಓಮ್
40 ಡಿಗ್ರಿ: 1.1 ಕಿಲೋ ಓಮ್
80 ಡಿಗ್ರಿ: 320 ಓಮ್
100 ಡಿಗ್ರಿ: 190 ಓಮ್

ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ.

ವಿಧಾನ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಸೆನ್ಸರ್ ಬಿಚ್ಚಿ. ಕೂಲೆಂಟ್ ವಿಷ, ಚೆಲ್ಲಿದ್ದನ್ನು ಒರೆಸಿ, ಸೆನ್ಸರ್ ತೊಳೆಯಿರಿ. ಅಡುಗೆ ಪಾತ್ರೆ ಬೇಡ, ಹಳೇ ಡಬ್ಬಿ ಸಾಕು. ಲೋಹದ ತುದಿ ಮಾತ್ರ ನೀರಲ್ಲಿ ಮುಳುಗಿಸಿ, ಎರಡು ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ.

ನಾವು ಎಡವಿದ್ದು ಇಲ್ಲೇ. ನಲ್ಲಿ ನೀರಲ್ಲಿ ಮೀಟರ್ 1.1 ತೋರಿಸಿತು. 2.5 ಬರಬೇಕಿತ್ತು, ಸೆನ್ಸರ್ ಹೋಯ್ತು ಅಂದ್ವಿ. ಆಮೇಲೆ ನೀರಿಗೆ ಕೈ ಹಾಕಿದರೆ ಚುರ್ ಅಂತು! ತಾರಸಿ ಟ್ಯಾಂಕಿನ ನೀರು ಇಲ್ಲಿ 20 ಡಿಗ್ರಿ ಇರೋಕೆ ಸಾಧ್ಯವೇ? ಮೇ ತಿಂಗಳ ಕಲಬುರಗಿ ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಎರಡು ಖಚಿತ ತಾಪಗಳನ್ನು ನಂಬಿ. ಐಸ್ ಕರಗುತ್ತಿರುವ ನೀರು 0 ಡಿಗ್ರಿ. ಮಸ್ಕತ್ ಕಡಲತೀರದ ಊರು, ಹಾಗಾಗಿ ಕುದಿಯುವ ನೀರು ಹೆಚ್ಚುಕಡಿಮೆ 100 ಡಿಗ್ರಿ. ನಮಗೆ ಐಸ್‌ನಲ್ಲಿ 5.7 ಕಿಲೋ ಓಮ್, ಕುದಿನೀರಲ್ಲಿ 190 ಓಮ್ ಬಂತು. ಸೆನ್ಸರ್ ಗಟ್ಟಿಮುಟ್ಟಾಗಿದೆ!

ಹಾಗಾದ್ರೆ ತಪ್ಪು ಎಲ್ಲಿ? ಕೀ ಆನ್ ಮಾಡಿ, ಬಿಚ್ಚಿದ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿದೆವು: 5 ವೋಲ್ಟ್, ಸರಿಯಾಗಿಯೇ ಇದೆ. ಉಳಿದದ್ದು ಸೆನ್ಸರ್, ವೈರು ಎರಡೂ ಸೇರುವ ಜಾಗ. ಟಾರ್ಚ್ ಬಿಟ್ಟರೆ ಕನೆಕ್ಟರ್ ಒಳಗೆಲ್ಲ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ, ಸೆನ್ಸರ್ ಕೂರಿಸಿ, ಕೂಲೆಂಟ್ ಮಟ್ಟ ಸರಿಮಾಡಿ, ಕೋಡ್ ಅಳಿಸಿದೆವು. ಅಮಿರಾತ್‌ವರೆಗೆ ಹೋಗಿ ಬಂದರೂ ದೀಪ ಮತ್ತೆ ಹತ್ತಲಿಲ್ಲ.

ಮಲ್ಟಿಮೀಟರ್ ನಮ್ಮಲ್ಲಿದೆ. ಬೇಕಾದವರು ಬನ್ನಿ, ಐಸ್ ನೀವೇ ತನ್ನಿ!