ಗೊತ್ತಿರುವ ಗೆಲುವು, ಹೊತ್ತುಕೊಂಡ ಸವಾಲು: ಕೋಲಾರ ಗಡಿಸೀಮೆಯ ಭಾರತದ ಆಚರಣೆಯಲ್ಲಿ ಕಾಳಗ ಮತ್ತು ಹರಕೆ

ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು, ಕೋಲಾರಗಳನ್ನೊಳಗೊಂಡ ಸೀಮೆಗೆ ದ್ರೌಪದಮ್ಮನ ಕರಗ ಚಿರಪರಿಚಿತ. ಗಡಿಯಾಚೆಯ ಪುಂಗನೂರು, ಚಿತ್ತೂರುಗಳ ಕಡೆ ಇದೇ ದೇವತೆಯ ಸನ್ನಿಧಿಯಲ್ಲಿ ಭಾರತದ ಕಥೆ ಹಗಲು ಹರಿಕಥೆಯಾಗಿ, ಇರುಳು ಬೀದಿನಾಟಕವಾಗಿ ದಿನಗಟ್ಟಲೆ ನಡೆಯುತ್ತದೆ. ಭಾಷೆ ತೆಲುಗು ಎಂಬ ಕಾರಣಕ್ಕೆ ಕನ್ನಡದ ಬಯಲಾಟದ ಅಧ್ಯಯನವು ಇದನ್ನು ನೆರೆಮನೆಯ ಸಂಗತಿಯೆಂದು ಬದಿಗಿರಿಸುವುದುಂಟು. ಇದಕ್ಕಿಂತ ಹೆಚ್ಚು ತೊಡಕಿನದು ಮತ್ತೊಂದು ವಿಭಜನೆ: ಕಾಳಗವನ್ನು ರಂಗಭೂಮಿಗೂ ಹರಕೆಯನ್ನು ಆಚರಣೆಗೂ ಹಂಚಿಬಿಡುವುದು. ಈ ಹಂಚಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ಕಾಳಗ. ಬಯಲಿನಲ್ಲಿ ಮಣ್ಣಿನಿಂದ ದುರ್ಯೋಧನನ ಬೃಹದಾಕಾರವನ್ನು ಅಂಗಾತ ಮಲಗಿಸಿರುತ್ತಾರೆ. ಭೀಮ ಮತ್ತು ದುರ್ಯೋಧನ ವೇಷಧಾರಿಗಳು ಅದರ ಸುತ್ತಲೂ ಅದರ ಮೇಲೂ ಗದೆ ಹಿಡಿದು ಹೋರಾಡುತ್ತಾರೆ. ಕೊನೆಗೆ ಪೆಟ್ಟು ಬೀಳುವುದು ಮಣ್ಣಿನ ತೊಡೆಗೆ. ಅಲ್ಲಿಂದ ತೆಗೆದ ಕೆಂಪಿನಿಂದ ದ್ರೌಪದಿಯ ಮುಡಿ ಕಟ್ಟಿಕೊಳ್ಳುತ್ತದೆ. ರನ್ನನ ಗದಾಯುದ್ಧವನ್ನು ಪಾಠ ಹೇಳುವ ಅಧ್ಯಾಪಕರಿಗೆ ಈ ಪ್ರತಿಜ್ಞೆಯ ಬಲ ಹೊಸದಲ್ಲ. ಗಮನಿಸಬೇಕಾದುದು ಬೇರೆ. ಇಷ್ಟು ಆರ್ಭಟದ ಈ ಕಾಳಗದಲ್ಲಿ ಅನಿಶ್ಚಿತವಾದುದು ಏನೂ ಇಲ್ಲ. ಯಾರು ಬೀಳುತ್ತಾರೆಂಬುದು ಮಣ್ಣು ಕಲಸುವ ಮೊದಲೇ ಊರಿಗೆಲ್ಲ ಗೊತ್ತು.

ಅನಿಶ್ಚಿತತೆ ಇರುವುದು ಐಚ್ಛಿಕವಾದ ಕಡೆ. ಅರ್ಜುನನ ತಪಸ್ಸಿನ ದಿನ ವೇಷಧಾರಿಯು ‘ತಪಸ್ಸುಮಾನು’ ಎಂಬ ಎತ್ತರದ ಕಂಬವನ್ನೇರಿ ತುದಿಯಿಂದ ನಿಂಬೆಹಣ್ಣು, ವಿಭೂತಿಗಳನ್ನು ಎಸೆಯುತ್ತಾನೆ. ಸಂತಾನಾಪೇಕ್ಷೆಯ ಹೆಂಗಸರು ಕೆಳಗೆ ಕಾದಿರುತ್ತಾರೆ. ಏರುವವನ ಕಾಲು ಜಾರಿದರೆ ಕಥೆಯ ಅರ್ಜುನ ಅವನನ್ನು ಕಾಯಲಾರ. ಅಗ್ನಿಕುಂಡವೂ ಹಾಗೆಯೇ. ಕುಂಡ ಹಾಯದಿದ್ದವರಿಗೆ ಕಥೆಯಲ್ಲಿ ಒಂದು ಎಳೆಯೂ ತಪ್ಪುವುದಿಲ್ಲ. ಹಾಯಬೇಕಾದುದು ಹರಕೆ ಹೊತ್ತವರು ಮಾತ್ರ.

ಈ ರಚನೆಯನ್ನು ವಿವರಿಸಲು ತೀರ ದೂರದ ಹೋಲಿಕೆಯೊಂದು ನೆರವಾಗುತ್ತದೆ. 1987ರಲ್ಲಿ ಜಪಾನಿನಲ್ಲಿ ಆರಂಭವಾದ ‘ಫೈನಲ್ ಫ್ಯಾಂಟಸಿ’ ಎಂಬ ವಿಡಿಯೋ ಆಟದ ಸರಣಿಯಲ್ಲಿ ಆಡುವವರು ಪಾತ್ರಗಳನ್ನು ವಹಿಸಿಕೊಂಡು ಕಥೆಯನ್ನು ನಡೆಸುತ್ತಾರೆ. ಆರಂಭದ ಭಾಗಗಳಲ್ಲಿ ಕಾಳಗ ಸರದಿಯ ಪ್ರಕಾರ ನಡೆಯುತ್ತಿತ್ತು. 1991ರ ನಾಲ್ಕನೆಯ ಭಾಗದಿಂದ ಕಾಲದ ಒತ್ತಡ ಸೇರಿತು. 2023ರ ಹದಿನಾರನೆಯ ಭಾಗದ ಹೊತ್ತಿಗೆ ಸರದಿಯೇ ಉಳಿಯಲಿಲ್ಲ. ಕಾಳಗದ ಪದ್ಧತಿ ಹೀಗೆ ಮಾರ್ಪಟ್ಟರೂ ಒಂದು ಏರ್ಪಾಡು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. 1992ರ ಐದನೆಯ ಭಾಗದ ಒಮೆಗಾ ಮತ್ತು ಶಿನ್ರ್ಯೂ ಎಂಬ ಎದುರಾಳಿಗಳನ್ನು ಮುಟ್ಟದೆಯೇ ಕಥೆಯನ್ನು ಮುಗಿಸಬಹುದು. ಆದರೂ ಕಥೆಯ ಕೊನೆಯ ಖಳನಿಗಿಂತ ಅವರೇ ಕಠಿಣರೆಂಬ ಖ್ಯಾತಿ ಪಡೆದಿದ್ದಾರೆ. ಕಥೆ ಬೇಡುವುದು ಒಂದು ಗೆಲುವನ್ನು. ಆಡುವವನ ಸತ್ವ ಪರೀಕ್ಷೆಯಾಗುವುದು ಕಥೆ ಬೇಡದ ಇನ್ನೊಂದು ಕಡೆ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ನಿಲ್ಲಲೇಬೇಕು. ವಿಡಿಯೋ ಆಟದಲ್ಲಿ ಸೋತವನು ಉಳಿಸಿಟ್ಟ ಜಾಗದಿಂದ ಮತ್ತೆ ಆರಂಭಿಸುತ್ತಾನೆ, ಬೇಡವೆನಿಸಿದರೆ ಬಿಟ್ಟು ನಡೆಯುತ್ತಾನೆ. ಹರಕೆಯಲ್ಲಿ ಆಯ್ಕೆಗೆ ಒಂದೇ ಗಳಿಗೆ. ಹೊರುವ ತನಕ ಅದು ಐಚ್ಛಿಕ. ಕೈಗೆ ಕಂಕಣ ಬಿದ್ದ ಮೇಲೆ ಕಡ್ಡಾಯ. ಕನ್ನಡದಲ್ಲಿ ಸಾಲವನ್ನೂ ಹರಕೆಯನ್ನೂ ‘ತೀರಿಸು’ ಎಂಬ ಒಂದೇ ಕ್ರಿಯಾಪದದಿಂದ ಹೇಳುವುದು ಆಕಸ್ಮಿಕವೇನಲ್ಲ. ಭೀಮನದೂ ಇದೇ ಸ್ಥಿತಿ. ತೊಡೆ ಮುರಿಯುವ ಮಾತನ್ನು ಸಭೆಯಲ್ಲಿ ಅವನಿಂದ ಯಾರೂ ಆಡಿಸಲಿಲ್ಲ. ಆಡಿದ ಮೇಲೆ ಅದು ಅವನ ಮೇಲಿನ ಋಣ. ಮಣ್ಣಿನ ತೊಡೆಗೆ ಬೀಳುವ ಪೆಟ್ಟು ಹಾಗೆ ನೋಡಿದರೆ ಭೀಮನ ಹರಕೆ ತೀರುವ ಗಳಿಗೆ. ಕೆಂಡದ ಅಂಚಿನಲ್ಲಿ ನಿಂತ ಭಕ್ತನಿಗೂ ಅವನಿಗೂ ಇರುವ ಅಂತರ ರಂಗ ಮತ್ತು ಆಚರಣೆಗಳ ಅಂತರವಲ್ಲ.

ಕರಗದ ವೀರಕುಮಾರರಲ್ಲಿ ಈ ಎರಡು ತುದಿಗಳೂ ಒಂದೇ ದೇಹಕ್ಕೆ ಬಂದು ಸೇರುತ್ತವೆ. ತಿಗಳರ ಐತಿಹ್ಯದ ಪ್ರಕಾರ ತಿಮಿರಾಸುರನನ್ನು ಎದುರಿಸಲು ದ್ರೌಪದಿ ಸೃಷ್ಟಿಸಿದ ಸೈನ್ಯ ಅವರದು. ಆದರೆ ಅಲಗು ಸೇವೆಯಲ್ಲಿ ಕತ್ತಿ ಯಾವ ಅಸುರನ ಕಡೆಗೂ ತಿರುಗುವುದಿಲ್ಲ. ತಮ್ಮದೇ ಬರಿಯೆದೆಗೆ ಅಲಗನ್ನು ತಾಗಿಸಿಕೊಳ್ಳುತ್ತಾರೆ.

ಆಲ್ಫ್ ಹಿಲ್ಟೆಬೈಟಲ್ ಅವರು ದ್ರೌಪದಿಯ ಆರಾಧನೆಯನ್ನು ಕುರಿತ ಎರಡು ಸಂಪುಟಗಳಲ್ಲಿ (1988, 1991) ತಮಿಳುನಾಡಿನ ಸೆಂಜಿ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ನಾಟಕವನ್ನೂ ಆಚರಣೆಯನ್ನೂ ಜೊತೆಜೊತೆಗೆ ಓದಿದ್ದಾರೆ. ಶ್ರೀನಿವಾಸಪುರದ ಕಡೆಯಿಂದ ಇಂಥ ಕೆಲಸಕ್ಕೆ ತೊಡಗುವವರು ಪ್ರಸಂಗದ ಹಸ್ತಪ್ರತಿಯನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಯಾರು ಯಾವ ದಿನ ಏತಕ್ಕಾಗಿ ಕಂಕಣ ಕಟ್ಟಿಸಿಕೊಂಡರು ಎಂಬುದನ್ನೂ ಬರೆದಿಡಬೇಕಾಗುತ್ತದೆ. ಆ ವಿವರ ಯಾವ ಪ್ರಸಂಗದ ಪುಟದಲ್ಲಿಯೂ ಸಿಗುವಂಥದ್ದಲ್ಲ.