ತಮ್ಮನಿಗೆ ಈಗಲೇ, ಮಗಳಿಗೆ ಇನ್ನೂ ಹೊತ್ತಿದೆ

ಎಂಡೋಸ್ಕೋಪಿ ವಿಭಾಗದಲ್ಲಿ ರೋಗಿಗಳ ಮನೆಯವರೊಂದಿಗೆ ಮಾತಾಡುವುದು ನನ್ನ ಕೆಲಸ. ದೊಡ್ಡ ಕರುಳಿನ ಕ್ಯಾನ್ಸರ್ ಆದವರ ಹೆತ್ತವರು, ಒಡಹುಟ್ಟಿದವರು, ಮಕ್ಕಳಿಗೆ ಅದೇ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ರೋಗಿಗೆ ಐವತ್ತರೊಳಗೇ ಬಂದಿದ್ದರೆ ಇನ್ನೂ ಹೆಚ್ಚು. ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ ಕಣ್ಣಿಗೆ ಬಿದ್ದರೆ ಹೆಚ್ಚಿನವನ್ನು ಆಗಲೇ ಕತ್ತರಿಸಿ ತೆಗೆಯಬಹುದು. ಆದರೂ ಸಂಬಂಧಿಕರು ಬರುವುದಿಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಜಾಗವಿದೆ, ಕರುಳಿಗಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ ಬಂದು ಕೇಳುವುದೂ ಇಲ್ಲ. ಸಂಬಂಧಿಕರನ್ನು ಕರೆಸುವ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು.

1. "ಮನೆಯವರೆಲ್ಲ ಒಮ್ಮೆ ತೋರಿಸಿಕೊಳ್ಳಿ" ಎಂದರೆ ಯಾರೂ ಬರುವುದಿಲ್ಲ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ್ದಲ್ಲ. ಹೆಸರು ಹಿಡಿದು, ವಯಸ್ಸು ಹಿಡಿದು ಹೇಳಬೇಕು. ಅರವತ್ತರೊಳಗೆ ಕ್ಯಾನ್ಸರ್ ಬಂದವರ ಒಡಹುಟ್ಟಿದವರು ಮತ್ತು ಮಕ್ಕಳು ನಲವತ್ತಕ್ಕೆ, ಇಲ್ಲವೇ ರೋಗಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು. ಏನೂ ಸಿಗದಿದ್ದರೆ ಐದು ವರ್ಷಕ್ಕೊಮ್ಮೆ. ಅಣ್ಣನಿಗೆ 44ಕ್ಕೆ ಬಂದಿದ್ದರೆ ನಾನು ಚೀಟಿಯಲ್ಲಿ ಹೀಗೆ ಬರೆಯುತ್ತೇನೆ: "ತಮ್ಮ, 38, ಈಗಲೇ. ಮಗಳು, 16, 34 ತುಂಬಿದಾಗ." ಮಗಳಿಗೆ ಈಗ ಏನೂ ಬೇಡ ಎಂದು ಬರೆದದ್ದನ್ನು ನೋಡಿ ತಾಯಿಗೆ ಎಷ್ಟೋ ಸಮಾಧಾನವಾಗುತ್ತದೆ. ತಮ್ಮನ ವಿಷಯವನ್ನು ಅವರು ನಂಬುವುದೂ ಆಮೇಲೆಯೇ.

2. ವಂಶವೃಕ್ಷ ಬರೆಯೋಣ ಎಂದರೆ ಜನಕ್ಕೆ ನಾಡಕಚೇರಿ ನೆನಪಾಗುತ್ತದೆ. ಖಾತೆ ಬದಲಾವಣೆಗೆ ಕೊಟ್ಟ ರೂಢಿಯಲ್ಲೇ ಗಂಡುಮಕ್ಕಳ ಹೆಸರು ಹೇಳಿ ನಿಲ್ಲಿಸುತ್ತಾರೆ. "ಅಕ್ಕತಂಗಿಯರು?" ಎಂದು ಕೇಳಿದರೆ, "ಇದ್ದಾರೆ ಮೇಡಂ, ಮದುವೆ ಮಾಡಿ ಕೊಟ್ಟಾಗಿದೆ." ಕೊಟ್ಟ ಹೆಣ್ಣಿನ ಮನೆ ಬದಲಾಗುತ್ತದೆ, ಗೋತ್ರ ಬದಲಾಗುತ್ತದೆ, ಅಪ್ಪನಿಂದ ಬಂದ ಜೀನ್ ಬದಲಾಗುವುದಿಲ್ಲ. ಆಕೆಯ ಹೆಸರನ್ನು ಕೇಳಿಯೇ ಬರೆಸಿಕೊಳ್ಳಬೇಕು. ಇನ್ನೊಂದು ಕಡೆ, ಹಗಲು ರಾತ್ರಿ ಮಾವನ ಆರೈಕೆ ಮಾಡಿದ ಸೊಸೆ "ನಾನೂ ಮಾಡಿಸಿಕೊಳ್ಳಬೇಕಾ ಸಿಸ್ಟರ್?" ಎನ್ನುತ್ತಾಳೆ. ಮಾವನ ಕಾಯಿಲೆಯ ಕಾರಣಕ್ಕೆ ಅವಳಿಗೆ ಬೇಕಿಲ್ಲ, ಅವಳ ಗಂಡನಿಗೆ ಬೇಕು. ಆ ಹೊತ್ತಿಗೆ ಅವನು ಬಿಲ್ ಕೌಂಟರ್ ಹತ್ತಿರ ಇರುತ್ತಾನೆ.

ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಗೆರೆಗಳು ಮತ್ತೆ ಬಂದು ಕೂಡುತ್ತವೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುವ ಪಾಲಿಪ್ ಕಾಯಿಲೆಗಳಿವೆ. ಅಪರೂಪವೇ, ಆದರೂ ಸೋದರಸಂಬಂಧದ ಮದುವೆಯೇ ಎಂದು ಕೇಳಿ ಬರೆದುಕೊಂಡಿರಬೇಕು.

3. ಕ್ಯಾನ್ಸರ್ ಎಂದು ತಿಳಿದ ದಿನ ಮನೆಯವರ ತಪಾಸಣೆಯ ಮಾತು ತೆಗೆಯಬೇಡಿ. ಆಪರೇಷನ್ ಆಗಿ, ಹೊಲಿಗೆ ಮಾಯ್ದು, ರೋಗಿ ತಾನೇ ನಡೆದು ಬರುವ ಭೇಟಿ ಒಳ್ಳೆಯದು. ಜೊತೆಗೆ ಬಂದ ತಮ್ಮನೋ ಮಗನೋ ಆಗ ಎದುರಿಗೇ ಇರುತ್ತಾರೆ. ಸಾವಾದ ಮನೆಗಳಲ್ಲಿ ವೈಕುಂಠ ಸಮಾರಾಧನೆಗೆ ಎಲ್ಲರೂ ಸೇರುತ್ತಾರೆ. ಊಟ ಮುಗಿದ ಮೇಲೆ ಮನೆಯ ಹಿರಿಯಕ್ಕ ಎತ್ತಿದ ಮಾತಿಗೆ ನಮ್ಮ ಯಾವ ಫೋನ್ ಕರೆಯೂ ಸಮವಲ್ಲ.

4. ಸಂಬಂಧಿಕರಿಗೆ ನಾವೇ ಫೋನ್ ಮಾಡಿ "ನಿಮ್ಮ ಅಣ್ಣನಿಗೆ ಕ್ಯಾನ್ಸರ್" ಎನ್ನುವಂತಿಲ್ಲ, ಅದು ರೋಗಿಯ ಗುಟ್ಟು. ಹೇಳಬೇಕಾದವನು ಅವನೇ. ಎಷ್ಟೋ ಮನೆಗಳಲ್ಲಿ ಅವನಿಗೇ ಹೇಳಿರುವುದಿಲ್ಲ, "ಹುಣ್ಣು" ಎಂದು ತೇಲಿಸಿರುತ್ತಾರೆ. ಕಾರಣವೂ ಪೊಳ್ಳಲ್ಲ: "ಮದುವೆಗೆ ಬಂದ ಮಗಳಿದ್ದಾಳೆ, ನಾಲ್ಕು ಜನಕ್ಕೆ ಗೊತ್ತಾದರೆ?" ಇದಕ್ಕೆ ಉಪದೇಶ ಮಾಡಿ ಫಲವಿಲ್ಲ. ಒಂದು ಪುಟದ ಕನ್ನಡ ಪತ್ರ ಕೊಡುತ್ತೇನೆ. ಅದರಲ್ಲಿ ರೋಗಿಯ ಹೆಸರಿಲ್ಲ. "ನಿಮ್ಮ ಹತ್ತಿರದ ರಕ್ತಸಂಬಂಧಿಗೆ 44ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗಿದೆ, ನಿಮಗೆ ಕೊಲೊನೋಸ್ಕೋಪಿ ಬೇಕು" ಎಂದಷ್ಟೇ ಇರುತ್ತದೆ. ಊರಿನ ಡಾಕ್ಟರಿಗೆ ತೋರಿಸಲು ಅಷ್ಟು ಸಾಕು. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಕಳಿಸಿ ಎಂದೂ ಹೇಳುತ್ತೇನೆ. ಗುಂಪಿನಲ್ಲಿ ಅದಕ್ಕೆ ಕೈ ಮುಗಿದ ಚಿತ್ರಗಳು ಬರುತ್ತವೆ, ಜನ ಬರುವುದಿಲ್ಲ.

5. "ನನಗೂ ಸ್ವಲ್ಪ ರಕ್ತ ಹೋಗುತ್ತೆ, ಉಷ್ಣಕ್ಕೆ" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ತಪಾಸಣೆಯ ಮಾತು ಮುಗಿಯಿತು. ಅದು ರೋಗಲಕ್ಷಣ, ಅವರನ್ನು ಬೇಗ ವೈದ್ಯರಿಗೆ ತೋರಿಸಬೇಕು. ಮೂಲವ್ಯಾಧಿ ಎಂದುಕೊಂಡು ಗೋಡೆಬರಹದ ಕ್ಲಿನಿಕ್ಕುಗಳಲ್ಲಿ ತಿಂಗಳುಗಟ್ಟಲೆ ಕಳೆದು, ಗಡ್ಡೆ ಬಲಿತ ಮೇಲೆ ಬರುವವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

6. "ನಾವು ಮಾಂಸ ಮುಟ್ಟಲ್ಲ, ಕುಡಿಯಲ್ಲ" ಎನ್ನುವವರೊಂದಿಗೆ ವಾದ ಬೇಡ. ನಿಮ್ಮಣ್ಣ ಮುಟ್ಟುತ್ತಿದ್ದರಾ ಎಂದು ಕೇಳಿ, ಸಾಕು.

7. ಭಯ ಕ್ಯಾನ್ಸರಿನದಲ್ಲ, ಪರೀಕ್ಷೆಯದು. ಗಂಡಸರು ನಕ್ಕು ಮಾತು ಮರೆಸುತ್ತಾರೆ, ಹೆಂಗಸರು ಲೇಡಿ ಡಾಕ್ಟರ್ ಇದ್ದಾರಾ ಎಂದು ಮೆಲ್ಲಗೆ ಕೇಳುತ್ತಾರೆ. ಇಬ್ಬರಿಗೂ ಇಡೀ ವಿವರ ಹೇಳಿಬಿಡುವುದೇ ಒಳ್ಳೆಯದು. ಎರಡು ಮೂರು ದಿನ ಮೊದಲಿಂದ ರಾಗಿ, ಸೊಪ್ಪು, ಸೀಬೆಹಣ್ಣು, ಬೀಜವಿರುವ ತರಕಾರಿ ಬಿಡಬೇಕು. ಬಿಳಿ ಅನ್ನ, ಇಡ್ಲಿ, ಮೊಸರು ಆಗಬಹುದು. ಮುದ್ದೆಯಿಲ್ಲದ್ದು ಊಟವೇ ಅಲ್ಲ ಎನ್ನುವವರು ಗೊಣಗುತ್ತಾರೆ, ಗೊಣಗಲಿ. ಕಬ್ಬಿಣಾಂಶದ ಮಾತ್ರೆ ತಿನ್ನುತ್ತಿದ್ದರೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಡಾಕ್ಟರ್ ಹೇಳುತ್ತಾರೆ. ಸಕ್ಕರೆ ಕಾಯಿಲೆಯ, ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಮುಚ್ಚಿಡದೆ ಹೇಳಬೇಕು. ಭೇದಿಯ ಪುಡಿಯನ್ನು ನೀರಿಗೆ ಬೆರೆಸಿ ಅರ್ಧ ರಾತ್ರಿ, ಅರ್ಧ ಬೆಳಗ್ಗೆ ಕುಡಿಯಬೇಕು. ನಿಜವಾದ ಕಷ್ಟ ಇದೊಂದೇ. ಪರೀಕ್ಷೆಯ ಹೊತ್ತಿಗೆ ಮಂಪರಿನ ಔಷಧಿ ಕೊಡುತ್ತಾರೆ, ಹೆಚ್ಚಿನವರಿಗೆ ಆಮೇಲೆ ಏನೂ ನೆನಪಿರುವುದಿಲ್ಲ. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಕರುಳು ತೂತಾಗುವ ಅಪಾಯ ಇದೆಯೇ ಎಂದು ಕೇಳಿದರೆ, ಇದೆ, ತೀರಾ ವಿರಳ ಎಂದು ನಿಜವನ್ನೇ ಹೇಳಿ. ಮುಚ್ಚಿಟ್ಟದ್ದು ಗೂಗಲ್‌ನಲ್ಲಿ ಸಿಕ್ಕರೆ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಏನು ಹೇಳಿದರೂ ಒಪ್ಪದವರಿಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆ ಇದೆ. ಪ್ರತಿ ವರ್ಷ ಮಾಡಿಸಬೇಕು, ರಕ್ತ ಕಂಡರೆ ಕೊಲೊನೋಸ್ಕೋಪಿ ತಪ್ಪದು. ಏನೂ ಮಾಡಿಸದೆ ಇರುವುದಕ್ಕಿಂತ ಇದು ಎಷ್ಟೋ ಮೇಲು.

8. ರೋಗಿ ಬದುಕಿರುವಾಗಲೇ ಗಡ್ಡೆಯನ್ನು ವಿಚಾರಿಸಿ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ತನ್ನ ಮನೆಯವರಂತೆ ತಾನೂ ಕ್ಯಾನ್ಸರಿನಲ್ಲೇ ಸಾಯುವೆನೆಂದು ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್‌ಗೆ ಹೇಳಿದ್ದಳು. ಹಾಗೆಯೇ ಆಯಿತು, ಗರ್ಭಕೋಶದ ಕ್ಯಾನ್ಸರ್. ವಾರ್ಥಿನ್ 1913ರಲ್ಲಿ ಆ ಕುಟುಂಬದ ಕಥೆ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಈ ಬಗೆಯ ಕುಟುಂಬಗಳ ಬೆನ್ನು ಹತ್ತಿದರು, ಕರುಳಿನ, ಗರ್ಭಕೋಶದ ಕ್ಯಾನ್ಸರ್ ವಂಶದಲ್ಲಿ ಇಳಿದು ಬರುವ ಆ ಕಾಯಿಲೆಗೆ ಅವರ ಹೆಸರೇ ಬಂತು. ನಮ್ಮಲ್ಲೂ "ನಮ್ಮತ್ತೆಗೂ ಹೊಟ್ಟೇಲಿ ಗಡ್ಡೆ ಆಗಿತ್ತು" ಎಂಬ ಮಾತು ಬಂದರೆ ನಾನು ಪೆನ್ನು ಎತ್ತಿಕೊಳ್ಳುತ್ತೇನೆ. ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನವರು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಅದರಲ್ಲಿ ನಾಲ್ಕು ಪ್ರೋಟೀನ್‌ಗಳನ್ನು ನೋಡಿದರೆ ಲಿಂಚ್‌ನ ಸುಳಿವು ಸಿಗುತ್ತದೆ. ಆಮೇಲೆ ರೋಗಿಯ ರಕ್ತದ ಜೀನ್ ಪರೀಕ್ಷೆ. ದೋಷ ಸಿಕ್ಕರೆ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಬಂದವರಿಗೆ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದರಿಂದಲೇ ವರ್ಷ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಬರದವರಿಗೆ ಈ ಅಲೆದಾಟವಿಲ್ಲ.

9. ಮೊದಲು ಬಂದ ಸಂಬಂಧಿಯ ಕೈಯಲ್ಲಿ ಉಳಿದವರ ಚೀಟಿ ಕೊಟ್ಟು ಕಳಿಸಿ. ಹೆಚ್ಚಾಗಿ ಆ ಸಂಬಂಧಿ ಮದುವೆ ಮಾಡಿ ಕೊಟ್ಟ ತಂಗಿಯೇ ಆಗಿರುತ್ತಾಳೆ. ಪಾಲಿಪ್ ತೆಗೆಸಿಕೊಂಡು ಮಧ್ಯಾಹ್ನಕ್ಕೆ ಮನೆಗೆ ಹೊರಟವಳು ಬಸ್‌ಸ್ಟ್ಯಾಂಡಿನಿಂದಲೇ ಅಣ್ಣಂದಿರಿಗೆ ಫೋನ್ ಹಚ್ಚುತ್ತಾಳೆ: "ನಾನೇ ಮಾಡಿಸ್ಕೊಂಡೆ ಕಣೋ, ನಿನಗೇನು ಧಾಡಿ?"